ಎಡಿನ್‌ಬರಾದಲ್ಲಿ ಕಂಡ ದ್ವಾರಕಾನಾಥರು

ಸ್ವಂತ ಮನೆಯಲ್ಲಿ ತಾನು ಇಲ್ಲದ ಹಾಗೆ ಇರುವುದು ಎಷ್ಟು ಕಷ್ಟದ ಕೆಲಸ ಎಂಬುದು ದ್ವಾರಕಾನಾಥರಿಗೆ ತಿಳಿದದ್ದು ತಮ್ಮ ಅರವತ್ತೆರಡನೆಯ ವಯಸ್ಸಿನಲ್ಲಿ. ಕೆಮ್ಮುವಂತಿಲ್ಲ. ಸೀನುವಂತಿಲ್ಲ. ಕುಕ್ಕರ್ ಕೂಗಿಸುವಂತಿಲ್ಲ. ಕಿಟಕಿಯ ಪರದೆ ಸರಿಸುವಂತಿಲ್ಲ. ಫ್ಲಶ್ ಒತ್ತುವ ಮುನ್ನ ಎರಡು ಸಲ ಯೋಚಿಸಬೇಕು. ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನ ಆ ಎರಡಂತಸ್ತಿನ ಮನೆಯಲ್ಲಿ ಇಪ್ಪತ್ತೊಂದು ವರ್ಷ ಗಂಟಲು ಬಿಟ್ಟು ಬಾಳಿದ ಮನುಷ್ಯ ಈಗ ಮೆಟ್ಟಿಲುಗಳನ್ನು ತುದಿಗಾಲಿನಲ್ಲಿ ಹತ್ತಿ ಇಳಿಯುತ್ತಿದ್ದರು. ಯಾಕೆಂದರೆ ಲೋಕದ ಕಣ್ಣಿಗೆ ದ್ವಾರಕಾನಾಥ ದಂಪತಿ ಆಗ ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ವಿಹರಿಸುತ್ತಿದ್ದರು.

ತಪ್ಪು ಯಾರದು ಎಂದು ಕೇಳಿದರೆ ದ್ವಾರಕಾನಾಥರು ಇವತ್ತಿಗೂ ವಿಮಾನ ಕಂಪನಿಯ ಕಡೆ ಬೆರಳು ತೋರಿಸುತ್ತಾರೆ. ನಂಬಬೇಡಿ. ಬೇ ಏರಿಯಾದ ಕನ್ನಡಿಗರಲ್ಲಿ ಅವರಿಗೆ ‘ವೀಸಾ ಸಾರ್’ ಎಂದೇ ಹೆಸರು. ಅತ್ತೆಯನ್ನು ಕರೆಸಿಕೊಳ್ಳುವವರು, ಬಾಣಂತನಕ್ಕೆ ಅಮ್ಮನನ್ನು ಕರೆಸಿಕೊಳ್ಳುವವರು, ರಜೆಗೆ ಮೆಕ್ಸಿಕೋ ನೋಡಬೇಕೆನ್ನುವವರು ಎಲ್ಲರೂ ಬಂದು ನಿಲ್ಲುವುದು ಅವರ ಮುಂದೆಯೇ. ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ‘ಟ್ರಿಪ್ಪು’ ಎಂದರೆ ಸಾಕು, ಹದಿನೇಳು ಅಂಶಗಳ ಅವರ ಪಟ್ಟಿ ಬಂದು ಬೀಳುತ್ತದೆ. ಅದರ ಮೊದಲ ಅಂಶವೇ ದಪ್ಪಕ್ಷರದಲ್ಲಿ: ‘ಕುಟುಂಬದ ಪ್ರತಿಯೊಬ್ಬರ ಪಾಸ್‌ಪೋರ್ಟನ್ನೂ ತೆರೆದು ನೋಡಿ.’

ಅವರು ತೆರೆದು ನೋಡದೆ ಇದ್ದದ್ದು ಜಗತ್ತಿನಲ್ಲಿ ಒಂದೇ ಒಂದು ಪಾಸ್‌ಪೋರ್ಟು. ಅದು ಸತ್ಯವತಿಯವರದು.

ಹದಿನಾಲ್ಕು ವರ್ಷದ ಹಿಂದೆ ದ್ವಾರಕಾನಾಥರು ಅಮೆರಿಕದ ಪ್ರಜೆಯಾದರು. ಸತ್ಯವತಿಯವರು ಆಗಲಿಲ್ಲ. ‘ನನ್ನ ಪಾಸ್‌ಪೋರ್ಟಿನ ಮೇಲಿರೋ ಮೂರು ಸಿಂಹ ನಂಗೆ ಸಾಕು’ ಎಂದು ಗ್ರೀನ್ ಕಾರ್ಡಿನಲ್ಲೇ ಉಳಿದರು. ಗಂಡ ಪ್ರಮಾಣವಚನ ತೆಗೆದುಕೊಳ್ಳುವಾಗ ಅವರು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಅವರೆಕಾಳು ಸುಲಿಯುತ್ತಿದ್ದರು. ಇಷ್ಟೆಲ್ಲ ಆಗಿದ್ದರೂ, ಮದುವೆಯಾಗಿ ಮೂವತ್ತೈದು ವರ್ಷವಾಯಿತು, ಸ್ಕಾಟ್ಲೆಂಡ್ ನೋಡಬೇಕು ಎಂದು ಹೆಂಡತಿ ಬಾಯಿಬಿಟ್ಟು ಕೇಳಿದಾಗ, ವೀಸಾ ಸಾರ್ ತಮ್ಮ ಫೋನಿನಲ್ಲಿ, ಅಮೆರಿಕದ ಪ್ರಜೆಗಳಿಗೆ ವೀಸಾ ಬದಲು ಸಾಕಾಗುವ ಪ್ರವೇಶಾನುಮತಿಯನ್ನು ತಮಗೆ ಹತ್ತು ನಿಮಿಷದಲ್ಲಿ ಪಡೆದು, ‘ಮುಗೀತು’ ಎಂದು ಕೈ ಒರೆಸಿಕೊಂಡುಬಿಟ್ಟರು.

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಸತ್ಯವತಿಯವರ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುವಿ ಹಾಕಿ, “ಯುಕೆ ವೀಸಾ ಎಲ್ಲಿದೆ ಮ್ಯಾಮ್?” ಎಂದು ಕೇಳಿದಾಗ, ಹಿಂದಿನ ಸಾಲಿನಲ್ಲಿದ್ದವರು ಹೇಳುವ ಪ್ರಕಾರ, ದ್ವಾರಕಾನಾಥರ ಬಾಯಿಂದ ಬಂದದ್ದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ.

ಟ್ಯಾಕ್ಸಿಯಲ್ಲಿ ವಾಪಸು ಬರುವಾಗ ಫ್ರೀವೇ ಉದ್ದಕ್ಕೂ ಸತ್ಯವತಿಯವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಮೈಯೆಲ್ಲ ಕಿವಿಯಾಗಿ ಕೂತ ಗಂಡನಿಗೆ ಅರ್ಧ ದಾರಿಗೆ ಮೊದಲ ಮಾತು ಕೇಳಿಸಿತು.

“ಹದಿನಾಲ್ಕು ವರ್ಷದಿಂದ ನಾನು ಯಾವ ದೇಶದವಳು ಅಂತ ನಿಮಗೆ ಗೊತ್ತಿಲ್ವಾ?”

“ಮರ್ತೋಯ್ತು ಕಣೆ ಸತ್ಯ.”

“ಕೊತ್ತಂಬರಿ ಸೊಪ್ಪು ಮರೀಬಹುದು. ಹೆಂಡ್ತಿ ದೇಶ ಮರೀತಾರೇನ್ರೀ?”

ಆದರೆ ದ್ವಾರಕಾನಾಥರ ತಲೆಯಲ್ಲಿ ಆಗ ಹೆಂಡತಿಗಿಂತ ದೊಡ್ಡದಾಗಿ ಕೂತಿದ್ದವನು ಜಗನ್ನಾಥ. ಕನ್ನಡ ಬಳಗದ ಕಾರ್ಯದರ್ಶಿ. ವರ್ಷವರ್ಷವೂ ಗಣೇಶನ ಹಬ್ಬಕ್ಕೆ ಒಂದು ಪ್ರಹಸನ ಬರೆದು, ಬಳಗದವರ ಮಾನವನ್ನು ಬಳಗದವರ ಎದುರಿಗೇ ಹರಾಜು ಹಾಕುವ ಕಲಾವಿದ. ಈ ಸಲದ ಹಬ್ಬದಲ್ಲಿ ಮುನ್ನೂರು ಜನರ ಮುಂದೆ ದ್ವಾರಕಾನಾಥರು ‘ಪ್ರವಾಸದಲ್ಲಿ ಎಚ್ಚರ’ ಎಂಬ ವಿಷಯದ ಮೇಲೆ ಮಾತಾಡುವವರಿದ್ದರು. ವೀಸಾ ಸಾರ್ ತಮ್ಮ ಹೆಂಡತಿಯ ವೀಸಾವನ್ನೇ ಮರೆತರು ಎಂಬುದು ಜಗನ್ನಾಥನ ಕಿವಿಗೆ ಬಿದ್ದರೆ, ಮಾತು ಹಾಗಿರಲಿ, ಇನ್ನು ಈ ಜನ್ಮದಲ್ಲಿ ಗ್ರೋಸರಿ ಅಂಗಡಿಗೂ ತಲೆ ಎತ್ತಿಕೊಂಡು ಹೋಗುವ ಹಾಗಿಲ್ಲ.

“ಹತ್ತು ದಿನ ಸತ್ಯ,” ಎಂದರು ಪಿಸುದನಿಯಲ್ಲಿ. “ಹತ್ತೇ ದಿನ. ಹಿಂದಿನ ಬಾಗಿಲಿಂದ ಮನೆಗೆ ಹೋಗೋಣ. ಒಳಗೇ ಇರೋಣ. ನಾವು ಎಡಿನ್‌ಬರಾದಲ್ಲೇ ಇದೀವಿ ಅಂದ್ಕೊಳ್ಳೋಣ. ಹತ್ತು ದಿನ ಆದ್ಮೇಲೆ ವಾಪಸ್ ಬಂದ್ವಿ ಅಂತ ಪರದೆ ತೆಗ್ಯೋಣ.”

ಸತ್ಯವತಿಯವರು ಗಂಡನ ಮುಖವನ್ನು ಒಂದು ಗಳಿಗೆ ನೋಡಿ, “ಆಯ್ತು” ಎಂದರು.

ಮೂವತ್ತೈದು ವರ್ಷದಲ್ಲಿ ಅವರು ಒಂದೇ ಮಾತಿಗೆ ‘ಆಯ್ತು’ ಎಂದದ್ದು ಅದೇ ಮೊದಲು. ಬೇರೆ ಯಾವ ಗಂಡಸಾದರೂ ಅಲ್ಲೇ ಹೆದರುತ್ತಿದ್ದ.

ಹೀಗೆ ಶುರುವಾಯಿತು ಅವರ ಎಡಿನ್‌ಬರಾ ವಾಸ. ಗೋಡೆ ಗಡಿಯಾರವನ್ನು ಎಂಟು ಗಂಟೆ ಮುಂದೆ ತಿರುಗಿಸಿದರು. ಆ ಊರಿನ ಸ್ಥಳೀಯ ಸುದ್ದಿಯ ವೆಬ್‌ಸೈಟನ್ನು ದ್ವಾರಕಾನಾಥರು ಪಾರಾಯಣಕ್ಕೆ ಕೂತವರ ಹಾಗೆ ಓದತೊಡಗಿದರು. ಯಾವ ಬೀದಿಯಲ್ಲಿ ಹೊಸ ಹೋಟೆಲು ತೆರೆಯಿತು, ಯಾವ ರಸ್ತೆ ಅಗೆದಿದ್ದಾರೆ, ಯಾವ ಬಸ್ಸು ಸುತ್ತಿಬಳಸಿ ಹೋಗುತ್ತಿದೆ, ಯಾವ ಬಡಾವಣೆಯ ಕಸದ ತೊಟ್ಟಿ ತುಂಬಿ ಚೆಲ್ಲಿದೆ, ಎಲ್ಲ ಬಾಯಿಪಾಠವಾಯಿತು. ಗುಂಪಿಗೆ ಸಂದೇಶಗಳು ಹರಿದವು: ‘ಲೀತ್ ವಾಕ್‌ನಲ್ಲಿ ಟ್ರಾಮ್ ಹತ್ತು ನಿಮಿಷ ತಡ. ಜನ ಗೊಣಗುತ್ತಿದ್ದಾರೆ, ನಾವೂ ಗೊಣಗಿದೆವು.’ ‘ಇಲ್ಲಿ ಚಿಪ್ಸಿಗೆ ಉಪ್ಪು ಮತ್ತು ಕಂದು ಸಾಸು. ಗ್ಲಾಸ್ಗೋದಲ್ಲಾದರೆ ವಿನೆಗರ್. ಇದು ತಿಳಿಯದವರು ಬರೀ ಊರು ನೋಡಿದವರು, ಬಾಳಿದವರಲ್ಲ.’ ‘ಬಟಾಣಿ, ಓಟ್ಸ್ ಹಾಕಿ ಮಾಡಿದ ಸಸ್ಯಾಹಾರಿ ಹ್ಯಾಗಿಸ್ ತಿಂದೆವು. ಸತ್ಯ ಎರಡನೇ ಸಲ ಹಾಕಿಸಿಕೊಂಡಳು.’ (ಸತ್ಯವತಿಯವರು ಆ ಹೊತ್ತಿನಲ್ಲಿ ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಅವಲಕ್ಕಿ ತಿನ್ನುತ್ತಿದ್ದರು.) ಅಲ್ಲಿನ ಕೋಟೆಯಲ್ಲಿ ಮಧ್ಯಾಹ್ನ ಒಂದು ಗಂಟೆಗೆ ತೋಪು ಹಾರಿಸುತ್ತಾರೆಂದು ತಿಳಿದು, ಇಲ್ಲಿನ ಬೆಳಗಿನ ಐದಕ್ಕೆ ಎದ್ದು, ‘ಈಗ ತಾನೇ ತೋಪು ಹಾರಿತು, ಎದೆ ಝಲ್ಲೆಂದಿತು’ ಎಂದು ಬರೆದು ಮತ್ತೆ ಮಲಗುತ್ತಿದ್ದರು.

ಫೋಟೋ ಎಲ್ಲಿ ಎಂದು ಜಗನ್ನಾಥ ಕೇಳಿದ. ದ್ವಾರಕಾನಾಥರು ಪ್ರವಾಸಕ್ಕೆಂದು ಕೊಂಡಿದ್ದ ಹಳದಿ ರೈನ್‌ಕೋಟು ತೊಟ್ಟು, ಶವರಿನ ಕೆಳಗೆ ನಿಂತು, ಬಚ್ಚಲಮನೆಯ ಬೂದು ಟೈಲ್ಸಿಗೆ ಮುಖ ಒತ್ತಿ ಒಂದು ಸೆಲ್ಫಿ ತೆಗೆದರು. ‘ಎಡಿನ್‌ಬರಾದ ಹಳೆಯ ಕಲ್ಲಿನ ಗೋಡೆ, ಹೊಸ ಮಳೆ.’ ಅರವತ್ತೆಂಟು ಜನ ಮೆಚ್ಚಿದರು.

ಇಷ್ಟರವರೆಗೂ ಎಲ್ಲ ಚೆನ್ನಾಗಿತ್ತು. ಕೆಟ್ಟದ್ದು ಮನೆ.

ಮನೆಗೆ ನಾವು ಇಲ್ಲ ಎಂದು ಹೇಳಿಬಿಟ್ಟರೆ ಮನೆ ಅದನ್ನು ನಂಬಿಬಿಡುತ್ತದೆ. ನಾಲ್ಕನೆಯ ದಿನಕ್ಕೇ ದ್ವಾರಕಾನಾಥರಿಗೆ ಇದು ಮನವರಿಕೆಯಾಯಿತು. ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು ಕಣ್ಣು ಕುಕ್ಕುತ್ತಿದ್ದರೆ, ಒಳಗೆ ಪರದೆಯಂಚಿನಿಂದ ಒಂದು ತೆಳ್ಳನೆಯ ಗೆರೆ ಮಾತ್ರ ಬಂದು, ಕಾರ್ಪೆಟ್ಟಿನ ಮೇಲೆ ಇಂಚಿಂಚಾಗಿ ಸರಿಯುತ್ತಿತ್ತು. ಫ್ರಿಜ್ಜಿನೊಳಗೆ ಐಸು ದಡ್ಡೆಂದು ಬಿದ್ದರೆ ಇಬ್ಬರೂ ಬೆಚ್ಚಿಬೀಳುವರು. ಮನುಷ್ಯ ಬಂದರೆ ತಾನೇ ಹೊತ್ತಿಕೊಳ್ಳಬೇಕಾದ ಲಾಂಡ್ರಿ ಕೋಣೆಯ ದೀಪ ಸತ್ಯವತಿಯವರು ಹೋದರೆ ಹೊತ್ತಿಕೊಳ್ಳುವುದು, ದ್ವಾರಕಾನಾಥರು ಹೋದರೆ ಇಲ್ಲ. ಎರಡೂ ಕೈ ಬೀಸಿದರು. ಇಲ್ಲ. ಕುಣಿದರು. ಇಲ್ಲ. (ಆ ದೀಪ ಆರು ತಿಂಗಳಿಂದಲೂ ಹಾಗೇ, ಇಷ್ಟ ಬಂದಾಗ ಹೊತ್ತುತ್ತದೆ. ಆದರೆ ಕತ್ತಲೆಯಲ್ಲಿ ಕುಣಿಯುತ್ತಿರುವವನಿಗೆ ಇಂಥ ಸಮಾಧಾನ ಹೊಳೆಯುವುದಿಲ್ಲ.) ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫಖರುನ್ನಿಸಾ ಬರುವರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದವರು, ಎರಡು ಬೀದಿ ಆಚೆ ಮನೆ. ಬೇ ಏರಿಯಾದ ಕನ್ನಡಿಗರು ಊರು ಬಿಟ್ಟು ಹೊರಟರೆ ಚಿನ್ನವನ್ನು ಬ್ಯಾಂಕಿನಲ್ಲಿಟ್ಟು, ಕರಿಬೇವಿನ ಗಿಡವನ್ನು ನಂಬಿಕೆಯ ಒಬ್ಬರಿಗೆ ಒಪ್ಪಿಸಿ ಹೋಗುವುದು ಪದ್ಧತಿ. ಸತ್ಯವತಿಯವರು ಹೊರಡುವ ಮೊದಲೇ ಮನೆಯ ಬೀಗದ ಕೈಯನ್ನು ಅವರ ಕೈಗಿಟ್ಟು ಗಿಡ ಒಪ್ಪಿಸಿದ್ದರು. ಫಖರುನ್ನಿಸಾ ಅವರ ಮಗಳು ಆಫ್ರೀನ್ ಎಡಿನ್‌ಬರಾದಲ್ಲೇ ಓದುತ್ತಿದ್ದಳು. ಅವಳನ್ನು ನೋಡಲು ಬಿಡುವಾಗಲಿಕ್ಕಿಲ್ಲ ಎಂದು ದ್ವಾರಕಾನಾಥರು ಮೊದಲೇ ಸಂದೇಶ ಕಳಿಸಿ ಆ ಬಾಗಿಲನ್ನು ಮುಚ್ಚಿದ್ದರು.

ಒಂಬತ್ತಕ್ಕೆ ಹಿಂದಿನ ಬಾಗಿಲ ಬೀಗ ತಿರುಗುವ ಸದ್ದಾದೊಡನೆ ದ್ವಾರಕಾನಾಥರು ಮಹಡಿಯ ಬಟ್ಟೆ ಕೋಣೆಗೆ ನುಗ್ಗಿ ಸೀರೆಗಳ ನಡುವೆ ನಿಲ್ಲುವರು. ಸತ್ಯವತಿಯವರು ಕೆಳಗೆ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ. ಗಿಡಕ್ಕೆ ನೀರು ಹಾಕಲು ಐದು ನಿಮಿಷ ಸಾಕು. ಫಖರುನ್ನಿಸಾ ಮುಕ್ಕಾಲು ಗಂಟೆ ಇರುತ್ತಿದ್ದರು. ಕೆಳಗಿನಿಂದ ಮಾತು ಕೇಳಿಸುತ್ತಿತ್ತು. ಒಂದಲ್ಲ, ಎರಡು ದನಿ. ಆಮೇಲೆ ನಗು. ಆ ನಗುವಿನಲ್ಲೂ ಎರಡು ಗಂಟಲು. ನಾಫ್ತಲೀನ್ ವಾಸನೆಯ ಕತ್ತಲಲ್ಲಿ ನಿಂತ ದ್ವಾರಕಾನಾಥರು ಒಂದು ಸೀರೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಯಾರ ಜೊತೆ ಮಾತಾಡ್ತಿದ್ರು ಅವ್ರು?” ಎಂದು ಆಮೇಲೆ ಕೇಳಿದರು.

“ಗಿಡದ ಜೊತೆ.”

“ಗಿಡ ನಗುತ್ತಾ?”

“ನೀವು ಸ್ವಲ್ಪ ನಿದ್ದೆ ಮಾಡಿ” ಎಂದರು ಸತ್ಯವತಿಯವರು.

ಸಿಂಕಿನಲ್ಲಿ ಎರಡು ಸ್ಟೀಲು ಲೋಟಗಳು ಒದ್ದೆಯಾಗಿ ಬೋರಲು ಬಿದ್ದಿದ್ದವು. ದ್ವಾರಕಾನಾಥರು ಒಂದನ್ನು ಎತ್ತಿ ಮೂಸಿದರು. ಫಿಲ್ಟರ್ ಕಾಫಿ. ಬೆಳಗಿನಿಂದ ಆ ಮನೆಯಲ್ಲಿ ಯಾರೂ ಕಾಫಿ ಮಾಡಿದ್ದು ಅವರಿಗೆ ಗೊತ್ತಿರಲಿಲ್ಲ. ಲೋಟ ಇನ್ನೂ ಬೆಚ್ಚಗಿತ್ತು.

ಆರನೆಯ ದಿನ ಆಫ್ರೀನಳ ಸಂದೇಶ ಗುಂಪಿಗೆ ಬಂತು. ‘ದ್ವಾರಕಾನಾಥ್ ಅಂಕಲ್! ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ನಿಮ್ಮನ್ನ ನೋಡಿದೆ. ನಾಲ್ಕು ಸಲ ಕರೆದೆ. ಯೂ ಡಿಡಂಟ್ ಟರ್ನ್ ಅಟ್ ಆಲ್.’ ಕೆಳಗೆ ಒಂದು ಫೋಟೋ. ಮಳೆಯಲ್ಲಿ ಹೊಳೆಯುವ ಕಲ್ಲುಹಾಸು. ಬೆನ್ನು ಮಾಡಿಕೊಂಡು ನಡೆಯುತ್ತಿರುವ ಇಬ್ಬರು. ಗಂಡಸಿನದು ಹಳದಿ ರೈನ್‌ಕೋಟು, ಬಲಗಡೆಗೆ ತುಸು ವಾಲಿದ ಹೆಗಲು, ತಲೆಯ ಹಿಂದೆ ಅಂಗೈಯಷ್ಟಗಲ ಬೋಳು. ಪಕ್ಕದಲ್ಲಿ ಗಿಡ್ಡನೆಯ ಹೆಂಗಸು. ಆತ ಕೊಡೆಯನ್ನು ಪೂರ್ತಿ ಅವಳ ಮೇಲೇ ಹಿಡಿದು ತಾನು ನೆನೆಯುತ್ತಿದ್ದ.

ದ್ವಾರಕಾನಾಥರು ಕೈ ಹಿಂದೆ ಒಯ್ದು ತಲೆಯ ಬೋಳನ್ನು ಮುಟ್ಟಿ ನೋಡಿಕೊಂಡರು. ಇತ್ತು.

“ಸತ್ಯ,” ಎಂದರು. “ಇದು ನಾನು.”

ಸತ್ಯವತಿಯವರು ಕನ್ನಡಕ ಏರಿಸಿ ನೋಡಿದರು. “ಹೌದು. ನೀವೇ.”

“ನಾನು ಇಲ್ಲಿದೀನಲ್ಲೇ!”

“ಅದೇ ಆಶ್ಚರ್ಯ. ಕೊಡೆ ಬೇರೆ ಹಿಡಿದಿದ್ದೀರಿ.”

ಮರುದಿನ ಇನ್ನೊಂದು. ಹೋಟೆಲಿನ ಮಂಜು ಕವಿದ ಕಿಟಕಿಯಾಚೆ ಅದೇ ಹಳದಿ ಬೆನ್ನು. ‘ಅಂಕಲ್ ಆಂಟಿಗೆ ತಮ್ಮ ತಟ್ಟೆಯಿಂದ ತಿನ್ನಿಸ್ತಾ ಇದ್ರು, ಸೋ ಕ್ಯೂಟ್!’ ಗುಂಪಿನಲ್ಲಿ ಹೃದಯಗಳ ಸುರಿಮಳೆಯಾಯಿತು. ‘ವೀಸಾ ಸಾರ್ ಅಲ್ಲ, ರಸಿಕ ಸಾರ್’ ಎಂದು ಜಗನ್ನಾಥ ಬರೆದ.

“ಪಾಪ, ಒಳ್ಳೆಯವರ ಹಾಗೆ ಕಾಣ್ತಾರೆ ಆ ದ್ವಾರಕಾನಾಥರು” ಎಂದು ಸತ್ಯವತಿಯವರು ನಿಟ್ಟುಸಿರು ಬಿಟ್ಟರು.

ದ್ವಾರಕಾನಾಥರಿಗೆ ಭಯ ಒಂದು ಕಡೆ, ಹೊಟ್ಟೆಕಿಚ್ಚು ಒಂದು ಕಡೆ. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಸ್ಥಿತಿ ಶತ್ರುವಿಗೂ ಬೇಡ. ಆ ದಿನದಿಂದ ಅವರಿಗೆ ಒಂದೇ ಯೋಚನೆ: ಎಡಿನ್‌ಬರಾದಲ್ಲಿ ನಾನಿದ್ದರೆ, ಈ ಕತ್ತಲಲ್ಲಿ ಪಂಚೆ ಉಟ್ಟುಕೊಂಡು ಅವಲಕ್ಕಿ ತಿನ್ನುತ್ತಿರುವವನು ಯಾರು? ಸುಳ್ಳನ್ನು ದಿನಾ ಬರೆದೂ ಬರೆದೂ ಅದು ಅಲ್ಲೆಲ್ಲೋ ಎದ್ದು ನಡೆದಾಡತೊಡಗಿತೇ? ಒಂದು ಮಧ್ಯಾಹ್ನ ಪಾರ್ಸೆಲ್ಲಿನವನು ಬಂದು ಗಂಟೆ ಒತ್ತಿದ. ಇವರು ಪರದೆಯ ಸಂದಿನಿಂದ ನೋಡಿದರು. ಅವನೂ ಸರಿಯಾಗಿ ಆ ಸಂದಿನತ್ತಲೇ ನೋಡಿದ, ಒಂದು ಅಡಿ ದೂರದಿಂದ, ಕಣ್ಣಿಗೆ ಕಣ್ಣಿಟ್ಟು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಡಬ್ಬಿ ಇಟ್ಟು, ಶಿಳ್ಳೆ ಹಾಕುತ್ತ ಹೊರಟುಹೋದ. ದ್ವಾರಕಾನಾಥರು ಸೋಫಾದ ಮೇಲೆ ಕೂತು ತಮ್ಮ ನಾಡಿಯನ್ನು ತಾವೇ ಹಿಡಿದು ನೋಡಿಕೊಂಡರು.

“ಹೇಳಿಬಿಡೋಣ್ವಾ?” ಎಂದರು ಸತ್ಯವತಿಯವರು ಆ ಸಂಜೆ. “ಮರ್ತೆ, ತಪ್ಪಾಯ್ತು ಅಂತ ನಾಲ್ಕು ಜನರ ಮುಂದೆ ಒಂದು ಮಾತು. ಅಷ್ಟೇ ಅಲ್ವಾ?”

“ಜಗನ್ನಾಥ ನನ್ನನ್ನ ಸಿಗಿದು ತೋರಣ ಕಟ್ತಾನೆ.”

“ನನಗೂ ಹೇಳಿಲ್ಲ ನೀವು ಇನ್ನೂ, ತಪ್ಪಾಯ್ತು ಅಂತ.”

ದ್ವಾರಕಾನಾಥರು ಫೋನಿನ ಕಡೆ ತಿರುಗಿದರು. ಆವತ್ತು ಎಡಿನ್‌ಬರಾದಲ್ಲಿ ರೈತರ ಸಂತೆಯ ಬಗ್ಗೆ ಬರೆಯುವುದು ಬಾಕಿಯಿತ್ತು.

ಒಂಬತ್ತನೆಯ ದಿನ ಶನಿವಾರ. ಬೆಳಿಗ್ಗೆ ಎಂಟಕ್ಕೇ ಸತ್ಯವತಿಯವರು ತಲೆನೋವು ಎಂದು ಮಹಡಿಯ ಕೋಣೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಫಖರುನ್ನಿಸಾ ಆ ದಿನ ಬರಲಿಲ್ಲ. ಹನ್ನೊಂದಾಯಿತು. ದ್ವಾರಕಾನಾಥರು ಕೊನೆಯ ದಿನದ ಮಳೆ ಫೋಟೋಕ್ಕೆಂದು ಪಂಚೆಯ ಮೇಲೆ ರೈನ್‌ಕೋಟು ಹಾಕಿಕೊಂಡು ಶವರಿನ ಕೆಳಗೆ ನಿಂತಿದ್ದರು. ಫೋನು ಕೈಯಲ್ಲೇ ನಡುಗಿತು. ಆಫ್ರೀನ್.

ಈ ಸಲ ಬೆನ್ನಲ್ಲ. ಮುಖ.

ಸತ್ಯವತಿ. ಅನುಮಾನವೇ ಇಲ್ಲ. ಕಿವಿಯ ಬಿಳಿ ಕಲ್ಲಿನ ಓಲೆ, ಎಡಗಲ್ಲದ ಮಚ್ಚೆ, ಹೋದ ವರ್ಷ ಮಾಡಿಸಿದ ಕನ್ನಡಕ. ಸಂಜೆ ಬಿಸಿಲಿನಂಥ ಬಿಸಿಲಿನಲ್ಲಿ ಬಾಯಿ ತುಂಬ ನಗುತ್ತಿದ್ದಾರೆ. ಅವರ ಎರಡೂ ಬದಿಗೆ ಚೌಕಳಿ ಲಂಗ ತೊಟ್ಟ, ಮೊಣಕಾಲಿನವರೆಗೆ ಕಾಲುಚೀಲ ಏರಿಸಿದ, ಕಂಬದಂಥ ಇಬ್ಬರು ಸ್ಕಾಟಿಷ್ ಗಂಡಸರು, ಕಂಕುಳಲ್ಲಿ ಚೀಲದ ಪೀಪಿ. ಹಿಂದೆ ನೀಲಿ ಬಿಳಿಯ ಬಾವುಟಗಳು. ‘ಸತ್ಯಾ ಆಂಟಿ, ಲೈವ್ ಫ್ರಮ್ ಸ್ಕಾಟ್ಲೆಂಡ್!’

ದ್ವಾರಕಾನಾಥರು ಲೆಕ್ಕ ಹಾಕಿದರು. ಇಲ್ಲಿ ಹನ್ನೊಂದು, ಅಲ್ಲಿ ಸಂಜೆ ಏಳು. ಆಗಸ್ಟಿನಲ್ಲಿ ಅಲ್ಲಿ ಎಂಟರವರೆಗೂ ಬೆಳಕಿರುತ್ತದೆ. ಹೊಂದಿತು. ಅವರ ಪ್ರವಾಸ ಪಾಂಡಿತ್ಯ ಅವರನ್ನು ಕೈಬಿಟ್ಟದ್ದು ಹೀಗೆ, ಸರಿಯಾಗಿ ಇದ್ದುಕೊಂಡೇ.

“ಸತ್ಯ!” ಎಂದು ಕೂಗಿದರು. ನೀರು ಸುರಿಸಿಕೊಂಡೇ ಹೋಗಿ ಕೋಣೆಯ ಬಾಗಿಲು ನೂಕಿದರು. ಮಂಚದ ಮೇಲೆ ಹೊದಿಕೆ ಒಬ್ಬರು ಮಲಗಿದ ಹಾಗೆ ಉಬ್ಬಿತ್ತು. ಎಳೆದರು. ಎರಡು ದಿಂಬು. ಕೆಳಗೆ ಓಡಿದರು. ಹೆಂಡತಿಯ ಮನೆಚಪ್ಪಲಿ ಬಾಗಿಲ ಬಳಿ ಜೋಡಿಯಾಗಿದ್ದವು. ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಗರಾಜಿನಲ್ಲಿ ಕಾರು ಹಾಗೇ ನಿಂತಿದೆ. ಹೆಂಡತಿಯ ನಂಬರು ಒತ್ತಿದರು. ಹಿಂದೆಯೇ, ಕತ್ತಲ ಅಡುಗೆಮನೆಯೊಳಗಿಂದ, ಸತ್ಯವತಿಯವರ ಫೋನು ಹಾಡಿತು.

ಆ ಖಾಲಿ ಮನೆಯಲ್ಲಿ ಆ ಹಾಡು ಮುಗಿಯುವವರೆಗೂ ದ್ವಾರಕಾನಾಥರು ಅಲ್ಲಾಡದೆ ನಿಂತರು. ಅವರಿಗೆ ಎಲ್ಲ ಅರ್ಥವಾಯಿತು, ಅಂದರೆ ಪೂರಾ ತಪ್ಪಾಗಿ ಅರ್ಥವಾಯಿತು. ಕೊಡೆ ಹಿಡಿಯುವ ಆ ಇನ್ನೊಬ್ಬ ದ್ವಾರಕಾನಾಥ ಇವಳನ್ನು ಕರೆಸಿಕೊಂಡುಬಿಟ್ಟ. ಇವಳು ಹೋಗಿಬಿಟ್ಟಳು. ಇಲ್ಲಿ ಉಳಿದಿರುವುದು ತಾನೊಬ್ಬನೇ, ಅದೂ ಎಷ್ಟು ಉಳಿದಿದ್ದೇನೋ ಗೊತ್ತಿಲ್ಲ. ಮೂವತ್ತೈದು ವರ್ಷದಲ್ಲಿ ಮೊದಲ ಸಲ, ಹೆಂಡತಿ ಇಲ್ಲದ ಮನೆ ಎಂದರೆ ಏನು ಎಂದು ಅವರಿಗೆ ಗೊತ್ತಾಯಿತು. ಮಾನ, ಪಟ್ಟಿ, ಜಗನ್ನಾಥ ಎಲ್ಲ ಮರೆತುಹೋಯಿತು. ಬಾಯಿ ಬಿಟ್ಟು ಅಳಬೇಕೆನಿಸಿತು. ತಪ್ಪಾಯ್ತು ಎಂಬ ಒಂದು ಮಾತನ್ನು ಉಳಿಸಿಕೊಂಡು ತಾನು ಏನನ್ನು ಕಳಕೊಂಡೆ!

ಅಷ್ಟರಲ್ಲಿ, ಯಾರೂ ಮುಟ್ಟದೆ, ಗರಾಜಿನ ದೊಡ್ಡ ಬಾಗಿಲು ಗರಗರನೆ ಮೇಲೇಳತೊಡಗಿತು.

ಕೆಳಗಿನಿಂದ ಬೆಳಕು ನುಗ್ಗಿತು. ಬೆಳಕಿನಲ್ಲಿ ಮೊದಲು ಕಾಲುಗಳು, ಆಮೇಲೆ ಸೊಂಟಗಳು. ದ್ವಾರಕಾನಾಥರು ಹಿಂದೆ ಸರಿಯಲಿಲ್ಲ. ಹಳದಿ ರೈನ್‌ಕೋಟಿನಿಂದ ನೀರು ತೊಟ್ಟಿಕ್ಕಿಸುತ್ತ, ಪಂಚೆಯನ್ನು ಒಂದು ಕೈಯಲ್ಲಿ ಹಿಡಿದು, ಆ ಬೆಳಕಿಗೇ ನುಗ್ಗಿದರು.

“ನನ್ನ ಹೆಂಡ್ತಿ ಸ್ಕಾಟ್ಲೆಂಡಿಗೆ ಹೊರಟ್ಹೋಗಿದಾಳೆ!” ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. “ಯಾರಾದ್ರೂ ಕಾಪಾಡ್ರಪ್ಪಾ! ವೀಸಾ ಇಲ್ದೆ ಹೋಗಿದಾಳೆ! ನಾನು ಅವಳಿಗೆ ವೀಸಾನೇ ಮಾಡ್ಸಿಲ್ಲ!”

ಡ್ರೈವ್‌ವೇಯಲ್ಲಿ ಐದು ಜನ ನಿಂತಿದ್ದರು. ಎಲ್ಲರ ಮುಂದೆ ಜಗನ್ನಾಥ. ಬಳಗದ ಮಡಿಸುವ ಮೇಜುಗಳು ಎಂದಿನಿಂದಲೂ ದ್ವಾರಕಾನಾಥರ ಗರಾಜಿನಲ್ಲೇ ಇರುವುದು. ಗಣೇಶನ ಹಬ್ಬಕ್ಕೆ ಅವನ್ನು ಒಯ್ಯಲು ಜನ ಕಟ್ಟಿಕೊಂಡು ಬಂದಿದ್ದ. ಹೊರಗಿನಿಂದ ಬಾಗಿಲು ತೆರೆಯಲು ಒತ್ತುವ ನಂಬರು ಅವನಿಗೆ ಗೊತ್ತಿತ್ತು. ಅವನ ಪಕ್ಕದಲ್ಲಿದ್ದ ಬಳಗದ ಮಾಧುರಿ, ಎಡಿನ್‌ಬರಾದಲ್ಲಿ ಇರಬೇಕಾದ ಮನುಷ್ಯ ಮಳೆಯಲ್ಲಿ ನೆನೆದು ಕ್ಯಾಂಪ್‌ಬೆಲ್‌ನ ಬಿಸಿಲಿಗೆ ಬಂದದ್ದನ್ನು ನೋಡಿ, ಒಂದು ಸಲ ಕಿರುಚಿ ಜಗನ್ನಾಥನ ಬೆನ್ನ ಹಿಂದೆ ಅವಿತುಕೊಂಡಳು.

ರೈನ್‌ಕೋಟಿನ ನೀರು ಸಿಮೆಂಟಿನ ಮೇಲೆ ಟಪಟಪ ಬೀಳುತ್ತಿತ್ತು.

“ಸಾರ್,” ಎಂದ ಜಗನ್ನಾಥ ಕೊನೆಗೆ, ಅತ್ಯಂತ ಮೃದುವಾಗಿ. “ಮೊದಲಿಂದ ಹೇಳಿ ಸಾರ್. ನಿಧಾನಕ್ಕೆ. ವೀಸಾ ಯಾಕೆ ಮಾಡಿಸ್ಲಿಲ್ಲ?”

ದ್ವಾರಕಾನಾಥರು ಮೊದಲಿನಿಂದ ಹೇಳಿದರು. ಎಲ್ಲವನ್ನೂ ಹೇಳಿದರು. ಶವರಿನ ವಿಷಯ ಕೂಡ. ನಡುನಡುವೆ “ನನ್ನ ತಪ್ಪು, ನನ್ನದೇ ತಪ್ಪು” ಎಂದು ಎದೆ ಬಡಿದುಕೊಂಡರು. ಜಗನ್ನಾಥ ಒಂದು ಮೇಜು ಬಿಡಿಸಿ, ಅವರನ್ನು ಕೂರಿಸಿ, ಫೋಟೋ ನೋಡಿ, ಒಂದು ಕಡೆ ಬೆರಳಿಟ್ಟು ದೊಡ್ಡದು ಮಾಡಿದ. ಪೀಪಿಯವನ ಹೆಗಲ ಹಿಂದೆ ಒಂದು ಬೋರ್ಡಿತ್ತು. ಅದರ ಮೇಲೆ ಬರೆದಿದ್ದದ್ದು ಪ್ಲೆಸೆಂಟನ್.

ಪ್ಲೆಸೆಂಟನ್ ಕ್ಯಾಂಪ್‌ಬೆಲ್‌ನಿಂದ ಮುಕ್ಕಾಲು ಗಂಟೆಯ ದಾರಿ. ವರ್ಷಕ್ಕೊಮ್ಮೆ ಅಲ್ಲಿ ಸ್ಕಾಟಿಷ್ ಆಟೋಟಗಳ ಜಾತ್ರೆ ನಡೆಯುತ್ತದೆ. ಇಪ್ಪತ್ತೊಂದು ವರ್ಷದಿಂದ ದ್ವಾರಕಾನಾಥರು ಅದರ ಹೆಸರನ್ನೂ ಕೇಳಿರಲಿಲ್ಲ. ಎಡಿನ್‌ಬರಾದ ಬಸ್ಸಿನ ನಂಬರುಗಳು ಮಾತ್ರ ಅವರಿಗೆ ಬಾಯಿಗೆ ಬರುತ್ತಿದ್ದವು.

ಒಂದೂವರೆ ಗಂಟೆಯ ಮೇಲೆ ಫಖರುನ್ನಿಸಾ ಅವರ ಕಾರು ಬಂದು ನಿಂತಾಗ ಮೇಜು ಒಯ್ಯಲು ಬಂದವರಲ್ಲಿ ಒಬ್ಬರೂ ಮನೆಗೆ ಹೋಗಿರಲಿಲ್ಲ. ಇನ್ನೂ ನಾಲ್ಕು ಜನ ಸೇರಿದ್ದರು. ಸತ್ಯವತಿಯವರು ಕೊರಳಿಗೆ ಹೊಸ ಚೌಕಳಿ ಶಾಲು ಸುತ್ತಿಕೊಂಡು ಇಳಿದರು. ಬಿಸಿಲಿಗೆ ಮುಖ ಕೆಂಪಾಗಿ, ಹತ್ತು ವರ್ಷ ಚಿಕ್ಕವರಾಗಿ ಕಂಡರು. ಗಂಡನನ್ನು, ಗಂಡನ ರೈನ್‌ಕೋಟನ್ನು, ಸುತ್ತಲಿನ ಮಹಾಸಭೆಯನ್ನು ನೋಡಿದರು.

“ಹೇಳಿಬಿಟ್ರಾ?” ಎಂದರು.

“ಎಲ್ಲಾ ಹೇಳಿದ್ರು ಅಕ್ಕ” ಎಂದ ಜಗನ್ನಾಥ.

ದ್ವಾರಕಾನಾಥರು ಎದ್ದು ಬಂದು ಹೆಂಡತಿಯ ಎರಡೂ ಕೈ ಹಿಡಿದುಕೊಂಡರು. “ತಪ್ಪಾಯ್ತು ಸತ್ಯ” ಎಂದರು, ಒಂಬತ್ತು ಜನರ ಮುಂದೆ. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. “ಆ ಇನ್ನೊಬ್ಬ ದ್ವಾರಕಾನಾಥ…”

“ಯಾವ ಇನ್ನೊಬ್ಬ?” ಎಂದರು ಫಖರುನ್ನಿಸಾ ನಗು ತಡೆದುಕೊಳ್ಳುತ್ತ. “ಅಣ್ಣ, ಎರಡನೇ ದಿನಾನೇ ಸತ್ಯಕ್ಕ ನಂಗೆ ಉಗ್ರಾಣದಲ್ಲಿ ಸಿಕ್ಕಿಬಿದ್ರು. ಅವತ್ತಿಂದ ದಿನಾ ನಾವಿಬ್ರೂ ಕ್ಲಾಸಾಗಿ ಕಾಫಿ ಕುಡ್ಕೊಂಡು ಕೂತಿದ್ವಿ. ಹಳದಿ ಕೋಟಿನ ಯಾರಾದ್ರೂ ಮುದುಕಪ್ಪ ಕಂಡ್ರೆ ಹಿಂದಿಂದ ಒಂದು ಫೋಟೋ ಹೊಡಿ ಅಂತ ಆಫ್ರೀನ್‌ಗೆ ಹೇಳಿದ್ದು ನಾನೇ. ಅವಳು ಹನ್ನೆರಡು ಫೋಟೋ ಕಳಿಸಿದ್ಲು. ಹಿಂದಿಂದ ನೋಡಿದ್ರೆ ಅಲ್ಲಿರೋ ಅರ್ಧ ಊರು ನೀವೇ. ಇವತ್ತಿನ ಫೋಟೋ ಮಾತ್ರ ನಾನು ಹೊಡೆದು ಅವಳಿಗೆ ಕಳಿಸಿದ್ದು.”

“ಹೆದರಿದ್ರಾದ್ರೂ ಹೊರಗೆ ಬರ್ತೀರೇನೋ ಅಂತ” ಎಂದರು ಸತ್ಯವತಿಯವರು. “ನೀವು ಒಳಗೆ ಕೂತು ಎಡಿನ್‌ಬರಾದಲ್ಲಿ ಊಟ ಮಾಡ್ತಿದ್ರಿ, ನಾನು ಹಿಂದಿನ ಬಾಗಿಲಿಂದ ಹೋಗಿ, ಇಷ್ಟು ವರ್ಷ ಇದ್ದೂ ನೋಡದೆ ಇರೋ ಊರು ನೋಡ್ಕೊಂಡು ಬಂದೆ. ಬುಧವಾರ ರೈಲಲ್ಲಿ ವಾಲ್ನಟ್ ಕ್ರೀಕಿಗೆ ಹೋಗಿ ಊಟ ಮಾಡಿದ್ವಿ. ಮಂಗಳವಾರ ಸ್ಯಾನ್ ಹೊಸೆಗೆ ಹೋಗಿದ್ವಿ.”

“ಮಂಗಳವಾರ ನೀನು ಮನೇಲೇ ಇದ್ಯಲ್ಲೇ!”

“ಮಂಗಳವಾರ ನೀವು ಫೋನಲ್ಲಿ ಎಡಿನ್‌ಬರಾದ ಪುಸ್ತಕೋತ್ಸವದಲ್ಲಿದ್ರಿ. ಆರು ಗಂಟೆ ತಲೆ ಎತ್ತಲಿಲ್ಲ.”

“ಸ್ಯಾನ್ ಹೊಸೆಯಲ್ಲಿ ಏನಿತ್ತು?”

“ಬೆರಳಚ್ಚು ಕೊಡೋದಿತ್ತು” ಎಂದು ಸತ್ಯವತಿಯವರು ಕೈಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು. ಮುಖ ನೋಡುತ್ತಿದ್ದ ಜನ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬಂದರು. ದ್ವಾರಕಾನಾಥರು ತಜ್ಞರ ಕಣ್ಣಿನಿಂದ ಓದಿದರು. ಯುಕೆ ವೀಸಾ ಅರ್ಜಿಯ ರಸೀತಿ. ಒಂದು ಕಾಗುಣಿತ ತಪ್ಪಿಲ್ಲ, ಒಂದು ಖಾನೆ ಖಾಲಿಯಿಲ್ಲ. ಪ್ರಯಾಣ ಅಕ್ಟೋಬರಿನಲ್ಲಿ. ಜೊತೆಗೆ ಪ್ರಯಾಣಿಸುವವರ ಹೆಸರು: ಫಖರುನ್ನಿಸಾ.

“ನನ್ನ ವೀಸಾ ಏಪ್ರಿಲ್‌ನಲ್ಲೇ ಬಂತು ಅಣ್ಣ, ಮಗಳನ್ನ ನೋಡಕ್ಕೆ ಅಂತ” ಎಂದರು ಫಖರುನ್ನಿಸಾ. “ಎರಡೂ ನಿಮ್ಮ ಪಟ್ಟಿ ಇಟ್ಕೊಂಡೇ ಮಾಡಿದ್ದು. ಭಾಳ ಚೆನ್ನಾಗಿ ಬರ್ದಿದ್ದೀರಿ.”

ದ್ವಾರಕಾನಾಥರು ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿಯೂ ಅವರ ಹೆಸರಿರಲಿಲ್ಲ.

“ಮತ್ತೆ ನಾನು?” ಎಂದರು.

ಸತ್ಯವತಿಯವರು ಶಾಲಿನ ತುದಿಯಿಂದ ಗಂಡನ ಒದ್ದೆ ಹಣೆ ಒರೆಸಿದರು, ಬಹಳ ಪ್ರೀತಿಯಿಂದಲೇ.

“ನಿಮಗೇನ್ರೀ ಯೋಚನೆ,” ಎಂದರು. “ನಿಮ್ಮದು ಅಮೆರಿಕಾದ ಪಾಸ್‌ಪೋರ್ಟು. ವೀಸಾನೂ ಬೇಡ. ಯಾವಾಗ ಬೇಕಾದ್ರೂ ಒಬ್ರೇ ಹೋಗಿ ಬರಬಹುದು.”